ಹಾಡಿಗೆ ರೇಟ್ ಇದೆ, ಕಥೆಗೆ ಕಾಯಬೇಕು: ಸುಝೌ ಊರಿನ ಪಿಂಗ್‌ತಾನ್

ಇವತ್ತಿನ ಸಂಚಿಕೆ ಚೀನಾದ ಸುಝೌ ಊರಿನ ಬಗ್ಗೆ, ಅಲ್ಲಿನ ಪಿಂಗ್‌ತಾನ್ ಅನ್ನೋ ಕಲೆಯ ಬಗ್ಗೆ. ಶಾಂಘೈನಲ್ಲಿ ಕೆಲಸ ಮಾಡುವ ಗೆಳೆಯನ ಜೊತೆ ಒಂದು ಶನಿವಾರ, ಭಾನುವಾರ ಅಲ್ಲಿದ್ದೆ. ಏನೇನು ನೋಡಿದೆ, ಏನೇನು ತಿಂದೆ ಅಂತ ಪಟ್ಟಿ ಕೊಡೋದಿಲ್ಲ. ಆ ಊರಲ್ಲಿ ಒಂದೇ ಕಲೆಯನ್ನು ಎರಡು ಥರ ಮಾರುತ್ತಾರೆ. ಬಿ.ಕಾಂ ಓದಿದ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಇವತ್ತು ಅದನ್ನೇ ಬಿಡಿಸಿ ಹೇಳ್ತೀನಿ.

ಮೊದಲು ಊರು. ಶಾಂಘೈನಿಂದ ವೇಗದ ರೈಲಿನಲ್ಲಿ ಹೆಚ್ಚುಕಮ್ಮಿ ಅರ್ಧ ಗಂಟೆ. ಕ್ರಿಸ್ತಪೂರ್ವ 514ರಲ್ಲಿ ವೂ ರಾಜ್ಯದ ರಾಜಧಾನಿಯಾಗಿ ಕಟ್ಟಿದ ನಗರ. ರಸ್ತೆಗಳ ಪಕ್ಕದಲ್ಲೇ ಕಾಲುವೆ, ಕಾಲುವೆ ಮೇಲೆ ಕಲ್ಲಿನ ಕಮಾನು ಸೇತುವೆ, ನೀರಿಗೆ ಮೆಟ್ಟಿಲು ಇಳಿಸಿದ ಮನೆಗಳು. 1229ರಲ್ಲಿ ಈ ಊರಿನ ನಕ್ಷೆಯನ್ನು ಕಲ್ಲಿನಲ್ಲಿ ಕೆತ್ತಿದರು, ಆ ಕಲ್ಲು ಇವತ್ತಿಗೂ ಅಲ್ಲೇ ಇದೆ. ಹಳೇ ಊರಿನ ಪಿಂಗ್‌ಜಿಯಾಂಗ್ ರಸ್ತೆ ಆ ನಕ್ಷೆಯಲ್ಲೂ ಕಾಣುತ್ತೆ. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಬೀದಿ. ಸಂಜೆ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಪ್ರತಿ ನಾಲ್ಕು ಹೆಜ್ಜೆಗೊಂದು ಟೀ ಅಂಗಡಿ, ಒಳಗಿಂದ ತಂತಿವಾದ್ಯದ ಸದ್ದು.

ಆ ಸದ್ದೇ ಪಿಂಗ್‌ತಾನ್. ವೇದಿಕೆ ಮೇಲೆ ಒಂದು ಮೇಜು, ಎರಡು ಕುರ್ಚಿ. ಸಾಮಾನ್ಯವಾಗಿ ಉದ್ದ ನಿಲುವಂಗಿ ತೊಟ್ಟ ಒಬ್ಬ ಗಂಡಸು, ಚಿಪಾವೋ ಉಟ್ಟ ಒಬ್ಬ ಹೆಂಗಸು. ಅವನ ಕೈಯಲ್ಲಿ ಮೂರು ತಂತಿಯ ಸಾನ್‌ಶಿಯೆನ್, ಅವಳ ಕೈಯಲ್ಲಿ ನಾಲ್ಕು ತಂತಿಯ ಪಿಪಾ. ಇಷ್ಟು ನೋಡಿದರೆ ಸಂಗೀತ ಕಛೇರಿ ಅನ್ನಿಸುತ್ತೆ. ಆದರೆ ಪಿಂಗ್‌ತಾನ್‌ನ ಮೂಲ ಕೆಲಸ ಕಥೆ ಹೇಳೋದು. 'ಪಿಂಗ್' ಅಂದ್ರೆ ಬರೀ ಮಾತಿನಲ್ಲಿ ಹೇಳುವ ಕಥೆ, 'ತಾನ್' ಅಂದ್ರೆ ವಾದ್ಯ ನುಡಿಸುತ್ತಾ, ಹಾಡುತ್ತಾ ಹೇಳುವ ಕಥೆ. ಎರಡೂ ಸೇರಿ ಈ ಹೆಸರು. ನಮ್ಮ ಹರಿಕಥೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತೆ: ಕಥೆ ನಡೀತಾ ಇರುತ್ತೆ, ನಡುವೆ ಹಾಡು ಬರುತ್ತೆ, ಒಂದು ನಗೆಚಾಟಿಕೆ ಬರುತ್ತೆ, ಮತ್ತೆ ಕಥೆಗೆ ವಾಪಸ್.

ವ್ಯತ್ಯಾಸ ಇರೋದು ಉದ್ದದಲ್ಲಿ. ಹರಿಕಥೆಯ ಒಂದು ಪ್ರಸಂಗ ಸಾಮಾನ್ಯವಾಗಿ ಒಂದೇ ರಾತ್ರಿಗೆ ಮುಗಿಯುತ್ತೆ. ಪಿಂಗ್‌ತಾನ್ ಕಥೆ ಹಿಂದೆಲ್ಲ ತಿಂಗಳುಗಟ್ಟಲೆ ನಡೀತಿತ್ತು, ದಿನಾ ಒಂದು ಕಂತು. 'ಮುತ್ತಿನ ಪಗೋಡ' ಅನ್ನೋ ಪ್ರಸಿದ್ಧ ಕಥೆಯ ಬಗ್ಗೆ ಒಂದು ಮಾತಿದೆ. ನಾಯಕಿ ಮಹಡಿಯಿಂದ ಮೆಟ್ಟಿಲಿಳಿದು ಬರಬೇಕು. ಕೆಳಗೆ ಬಂದು ನಿಂತಿರೋ ಅವನನ್ನು ನೋಡೋಕೆ ಹೋಗಲೋ ಬೇಡವೋ ಅಂತ ಅವಳಿಗೆ ಒದ್ದಾಟ. ಹಳೇ ಕಲಾವಿದರು ಆ ಮೆಟ್ಟಿಲಿಳಿಯುವ ಸನ್ನಿವೇಶವನ್ನೇ ಎರಡು ವಾರಕ್ಕೂ ಹೆಚ್ಚು ಎಳೆದಿದ್ದರಂತೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಯೋಚನೆ, ಒಂದು ನೆನಪು, ಒಂದು ಉಪಕಥೆ. ನಮ್ಮ ಟಿವಿ ಧಾರಾವಾಹಿಯವರು ಇವರ ಮುಂದೆ ಏನೂ ಅಲ್ಲ ಬಿಡಿ.

ಇದರ ಹಿಂದೆ ಒಂದು ಲೆಕ್ಕಾಚಾರ ಇತ್ತು. ಕಥೆ ನಡೆಯುವ ಜಾಗಕ್ಕೆ ಷೂಚಾಂಗ್ ಅಂತಾರೆ, ಕನ್ನಡದಲ್ಲಿ ಕಥೆಮನೆ ಅನ್ನೋಣ. ಬಂದ ದುಡ್ಡನ್ನು ಕಥೆಮನೆಯ ಮಾಲೀಕನೂ ಕಲಾವಿದರೂ ಪಾಲು ಮಾಡಿಕೊಳ್ಳೋರು. ಅಂದ ಮೇಲೆ ಇವತ್ತು ಬಂದವನು ನಾಳೆಯೂ ಬರಬೇಕು. ಅದಕ್ಕೇ ಪ್ರತಿ ದಿನದ ಕಂತು ಕುತೂಹಲದ ತುದಿಯಲ್ಲಿ ನಿಲ್ಲುತ್ತಿತ್ತು. ಕೇಳುಗ ಟಿಕೆಟ್ ಕೊಳ್ಳುತ್ತಿದ್ದದ್ದು ಇವತ್ತಿನ ದಿನಕ್ಕೆ, ಕಲಾವಿದ ದುಡಿಯುತ್ತಿದ್ದದ್ದು ನಾಳೆಯ ಟಿಕೆಟ್‌ಗೆ. ಪಾಡ್‌ಕಾಸ್ಟ್ ಮಾಡೋ ನನಗೆ ಈ ಲೆಕ್ಕ ಚೆನ್ನಾಗಿ ಗೊತ್ತು! 1930ರ ದಶಕದಲ್ಲಿ ಶಾಂಘೈನ ಖಾಸಗಿ ರೇಡಿಯೋ ಕೇಂದ್ರಗಳು ಪಿಂಗ್‌ತಾನ್ ಪ್ರಸಾರ ಮಾಡುತ್ತಿದ್ದವು. ಪ್ರಾಯೋಜಕರು ಅಂಗಡಿ ಮಾಲೀಕರು, ಕಥೆಯ ನಡುವೆ ಅವರ ಜಾಹೀರಾತು. ಅಂದ್ರೆ ನಾವು ಇವತ್ತು ಮಾಡ್ತಿರೋದು ಏನೂ ಹೊಸದಲ್ಲ.

ಈಗ ಪಿಂಗ್‌ಜಿಯಾಂಗ್ ರಸ್ತೆಗೆ ವಾಪಸ್ ಬರೋಣ. ಶನಿವಾರ ಸಂಜೆ ನಾವು ಹೋದ ಟೀ ಅಂಗಡಿಯಲ್ಲಿ ಟೀ ಮೆನು ಜೊತೆ ಹಾಡಿನ ಮೆನುವೂ ಬಂತು. ಒಂದೊಂದು ಹಾಡಿಗೆ ಒಂದೊಂದು ರೇಟ್. ಯಾರಾದರೂ ದುಡ್ಡು ಕೊಟ್ಟು ಆರಿಸಿದರೆ ಕಲಾವಿದರು ಹಾಡುತ್ತಾರೆ. ಪಕ್ಕದ ಪರದೆ ಮೇಲೆ ಸಾಹಿತ್ಯ ಮೂಡುತ್ತೆ. ಐದು ನಿಮಿಷಕ್ಕೆ ಹಾಡು ಮುಗೀತು, ಚಪ್ಪಾಳೆ, ಮುಂದಿನ ಟೇಬಲ್. ಕಲಾವಿದರಿಬ್ಬರೂ ನುರಿತವರು, ಹಾಡು ತುಂಬಾ ಚೆನ್ನಾಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೂವರೆ ಗಂಟೆಯಲ್ಲಿ ಕಥೆ ಅನ್ನೋದೇ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಊರಿನವರು ಹೋಗುವ ಒಂದು ಕಥೆಮನೆಗೆ ಹೋದೆವು. ಟಿಕೆಟ್‌ಗೆ ಕೊಟ್ಟ ದುಡ್ಡಿನಲ್ಲಿ ಹೊರಗೆ ಒಂದು ಊಟ ಬರೋದಿಲ್ಲ. ಒಳಗೆ ಬಹುಪಾಲು ಎಪ್ಪತ್ತು ದಾಟಿದವರು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಈಗ ಕಥೆ ಸಾಮಾನ್ಯವಾಗಿ ಹದಿನೈದು ದಿನ ನಡೆಯುತ್ತೆ, ದಿನಕ್ಕೆ ಎರಡು ಗಂಟೆ. ನಾವು ಹೋದಾಗ ಕಥೆ ನಡುವಿಗೆ ಬಂದಿತ್ತು. ಹಾಡು ಎರಡೋ ಮೂರೋ ಇದ್ದವು, ಉಳಿದದ್ದೆಲ್ಲ ಮಾತು. ಪರದೆ ಇಲ್ಲ, ಸಾಹಿತ್ಯ ಇಲ್ಲ. ಕಲಾವಿದ ಒಂದು ಬೀಸಣಿಗೆ ಹಿಡಿದು ನಾಲ್ಕು ಜನರಾಗಿ ಮಾತಾಡುತ್ತಿದ್ದ, ಇಡೀ ಸಭೆ ನಗುತ್ತಿತ್ತು. ನನ್ನ ಗೆಳೆಯ ಆರು ವರ್ಷದಿಂದ ಚೀನಾದಲ್ಲಿದ್ದಾನೆ, ಮ್ಯಾಂಡರಿನ್ ನೀರು ಕುಡಿದಂಗೆ ಮಾತಾಡ್ತಾನೆ. ಅವನಿಗೂ ಅರ್ಧಕ್ಕರ್ಧ ಅರ್ಥವಾಗಲಿಲ್ಲ.

ಯಾಕೆ ಗೊತ್ತಾ? ಪಿಂಗ್‌ತಾನ್ ನಡೆಯೋದು ಸುಝೌ ಮಾತಿನಲ್ಲಿ. ಅದು ವೂ ಭಾಷೆಗಳ ಗುಂಪಿಗೆ ಸೇರಿದ್ದು. ಮ್ಯಾಂಡರಿನ್‌ನಲ್ಲಿ ಧ್ವನಿಯ ಏರಿಳಿತ 4 ಬಗೆ, ಸುಝೌ ಮಾತಿನಲ್ಲಿ 7 ಬಗೆ. ಅದು ಎಷ್ಟು ಮೆದು ಅಂದರೆ, ನಿಂಗ್ಬೋ ಊರಿನವರ ಜೊತೆ ಹರಟೆ ಹೊಡೆಯೋದಕ್ಕಿಂತ ಸುಝೌನವರ ಜೊತೆ ಜಗಳ ಆಡೋದೇ ಮೇಲು ಅನ್ನೋ ಗಾದೆ ಆ ಕಡೆ ಇದೆ. ಕಥೆಯಲ್ಲಿ ಇನ್ನೊಂದು ಸ್ವಾರಸ್ಯ: ಅಧಿಕಾರಿಗಳು, ಪಂಡಿತರು ಹಳೇ ರಂಗಭೂಮಿಯ ಶಿಷ್ಟ ಭಾಷೆಯಲ್ಲಿ ಮಾತಾಡುತ್ತಾರೆ. ಆಳುಕಾಳು, ಅಂಗಡಿಯವರು ಸುಝೌ ಆಡುಮಾತಿನಲ್ಲಿ. ನಮ್ಮ ಕಂಪನಿ ನಾಟಕದಲ್ಲಿ ರಾಜ ಗ್ರಂಥಸ್ಥ ಕನ್ನಡ ಆಡಿ, ಹಾಸ್ಯಪಾತ್ರದವನು ಹಳ್ಳಿ ಕನ್ನಡ ಆಡಿದ ಹಾಗೆ. ನಗು ಹುಟ್ಟೋದೇ ಆ ಎರಡರ ನಡುವೆ.

ಈಗ ಸುಝೌನಲ್ಲಿ ಶಾಲೆ ಮ್ಯಾಂಡರಿನ್‌ನಲ್ಲಿ, ಆಫೀಸು ಮ್ಯಾಂಡರಿನ್‌ನಲ್ಲಿ. ಕೆಲಸಕ್ಕಾಗಿ ಹೊರಗಿನಿಂದ ಬಂದವರ ಸಂಖ್ಯೆಯೂ ದೊಡ್ಡದು. ಅಜ್ಜಿ ಸುಝೌ ಮಾತಾಡಿದರೆ ಮೊಮ್ಮಗ ಮ್ಯಾಂಡರಿನ್‌ನಲ್ಲಿ ಉತ್ತರ ಕೊಡ್ತಾನೆ. ಬೆಂಗಳೂರಿನಲ್ಲಿ ಇರೋರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ, ಅಲ್ವಾ?

ಇಲ್ಲೇ ಎರಡು ಮಾರಾಟದ ವ್ಯತ್ಯಾಸ ದೊಡ್ಡದಾಗುತ್ತೆ. ಹಾಡು ಭಾಷೆ ಗೊತ್ತಿಲ್ಲದವರನ್ನೂ ಮುಟ್ಟುತ್ತೆ, ಪರದೆ ಮೇಲೆ ಅರ್ಥವನ್ನೂ ಹಾಕಬಹುದು. ಕಥೆಯ ಮಾತು ಹಾಗಲ್ಲ. ಅದು ಎದುರಿಗೆ ಕೂತವರನ್ನು ನೋಡಿಕೊಂಡು ದಿನಾ ಬದಲಾಗುತ್ತೆ, ಅದಕ್ಕೆ ಕೇಳುಗರೂ ಅದೇ ಭಾಷೆಯವರೇ ಬೇಕು. ವಾರಾಂತ್ಯಕ್ಕೆ ಬಂದ ಪ್ರವಾಸಿಗ ಹದಿನೈದು ದಿನದ ಕಥೆ ಕೊಳ್ಳೋಕೆ ಆಗಲ್ಲ. ಅವನ ಜೇಬಿಗೂ ಸಮಯಕ್ಕೂ ಹೊಂದೋದು ಐದು ನಿಮಿಷದ ಹಾಡು. ಹೀಗಾಗಿ ಪ್ರವಾಸೋದ್ಯಮ ಎಷ್ಟು ಬೆಳೆದರೂ ಆ ದುಡ್ಡು ಹಾಡಿನ ಕಡೆಗೇ ಹರಿಯುತ್ತೆ.

ಹಾಗಂತ ಟೀ ಅಂಗಡಿಯವರನ್ನು ಬೈದರೆ ಅನ್ಯಾಯ. 1960ರ ದಶಕದ ಆರಂಭದಲ್ಲಿ ಶುರುವಾದ ಸುಝೌ ಪಿಂಗ್‌ತಾನ್ ಶಾಲೆ ಇವತ್ತಿಗೂ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಿದೆ. 2006ರಲ್ಲಿ ಚೀನಾ ಈ ಕಲೆಯನ್ನು ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಗೆ ಸೇರಿಸಿತು. ಆದರೆ ಕಲಿತು ಹೊರಬಂದವರು ತಿಂಗಳ ಬಾಡಿಗೆ ಕಟ್ಟಬೇಕಲ್ಲ? ಹಾಡಿನ ಮೆನು ಅದಕ್ಕೊಂದು ದಾರಿ. ಕಲಾವಿದರ ಹೊಟ್ಟೆ ತುಂಬಿಸೋದು ಆ ಟೀ ಅಂಗಡಿ. ಕಲೆಗೆ ಕೇಳುಗರನ್ನು ಉಳಿಸಿಕೊಡೋದು ಆ ಹಳೇ ಕಥೆಮನೆ. ಒಂದರ ಲಾಭದಿಂದ ಇನ್ನೊಂದರ ನಷ್ಟ ತಾನಾಗೇ ತುಂಬಲ್ಲ ಅನ್ನೋದೇ ತೊಂದರೆ.

ಭಾನುವಾರದ ಕಂತು ಮುಗಿದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನನ್ನ ಗೆಳೆಯನನ್ನು ಕೇಳಿದರು: "ನಾಳೆ ಬರ್ತೀರಾ?" ನಮ್ಮ ರೈಲು ಅವತ್ತು ಸಂಜೆಗೇ ಇತ್ತು.

ನೀವೇನಾದರೂ ಆ ಕಡೆ ಹೋದರೆ ಒಂದು ಸಲಹೆ. ಸಂಜೆಯ ಹಾಡು ಖಂಡಿತ ಕೇಳಿ, ದುಡ್ಡು ಕೊಟ್ಟೇ ಕೇಳಿ. ಪಿಂಗ್‌ಜಿಯಾಂಗ್ ರಸ್ತೆಯ ಪಕ್ಕದ ಓಣಿಯಲ್ಲೇ ಪಿಂಗ್‌ತಾನ್ ವಸ್ತುಸಂಗ್ರಹಾಲಯ ಇದೆ, ಅದನ್ನೂ ನೋಡಿ. ಆದರೆ ಒಂದು ಮಧ್ಯಾಹ್ನ ಕಥೆಮನೆಗೆ ಮೀಸಲಿಡಿ. ಒಂದು ಮಾತೂ ಅರ್ಥವಾಗದಿದ್ದರೂ ಪರವಾಗಿಲ್ಲ, ಸಭೆ ಎಲ್ಲಿ ನಗುತ್ತೆ ಅಂತ ನೋಡುತ್ತಾ ಕೂತುಕೊಳ್ಳಿ. ಇಡೀ ಕಲೆ ನಿಂತಿರೋದು ಆ ನಗುವಿನ ಮೇಲೆ.