ಕುದುರೆಯ ಕಲಿಕೆಗೆ ಒಂದು ವರ್ಷದ ಲೆಕ್ಕ

ಪ್ರಾಣಿಗೆ ವಿದ್ಯೆ ಕಲಿಸಹೊರಟವನು ವರ್ಷದ ಮೊದಲಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ. ಈ ವರ್ಷ ಎಲ್ಲಿಯವರೆಗೆ ಹೋಗಬೇಕು? ಹೋದೆವೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಯಾವುದು? ಮೊದಲನೆಯದು ಗುರಿಯ ಪ್ರಶ್ನೆ. ಎರಡನೆಯದು ಅಳತೆಯ ಪ್ರಶ್ನೆ. ಶಾಲೆಯ ಹುಡುಗನಾದರೆ 'ನನಗೆ ತಿಳಿಯಲಿಲ್ಲ' ಎಂದೋ 'ಕಾಲು ನೋಯುತ್ತದೆ' ಎಂದೋ ಬಾಯಿಬಿಟ್ಟು ಹೇಳಬಲ್ಲನು. ಕುದುರೆ ಹೇಳಲಾರದು. ಆದುದರಿಂದ ಅದರ ವಿಷಯದಲ್ಲಿ ಗುರಿ ತಪ್ಪಾದರೆ, ಅಥವಾ ಅಳತೆ ಒರಟಾದರೆ, ನಷ್ಟವನ್ನು ಹೊರುವುದು ಸವಾರನ ಕೀರ್ತಿಗಿಂತ ಮೊದಲು ಕುದುರೆಯ ಕಾಲು ಮತ್ತು ಬೆನ್ನು.

ಯಲ್ಲಾಪುರ ತಾಲೂಕಿನ ನಮ್ಮ ವಜ್ರಳ್ಳಿಯ ಕಡೆ ಅಡಿಕೆಯ ತೋಟಗಳುಂಟು, ಕೊಟ್ಟಿಗೆಗಳುಂಟು, ಕುದುರೆ ಅಪರೂಪ. ಆದರೆ ಅಶ್ವವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಮೇಲಿನ ವಿನೋದಗಳಿಗೇ ಒಂದು ಪ್ರಕರಣವಿದೆ. ನಮ್ಮ ಕಾಲಕ್ಕೆ ಬಂದರೆ, 1992ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫವಾದ್ ಮಿರ್ಜಾ ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ವೈಯಕ್ತಿಕ ಬೆಳ್ಳಿಯ ಪದಕ ಪಡೆದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅವರಿಗೆ 23ನೆಯ ಸ್ಥಾನ ದೊರಕಿತು. ಎರಡು ಕಡೆಯೂ ಅವರ ಕುದುರೆ ಸೆನ್ಯೂರ್ ಮೆಡಿಕಾಟ್. ಅವರು ಸ್ಪರ್ಧಿಸಿದ 'ಈವೆಂಟಿಂಗ್' ಎಂಬುದಕ್ಕೆ ಮೂರು ಅಂಗಗಳು. ಅವುಗಳಲ್ಲಿ ಮೊದಲನೆಯದೇ ಡ್ರೆಸ್ಸೇಜ್. ಈ ಡ್ರೆಸ್ಸೇಜನ್ನೇ ಆಧಾರವಾಗಿಟ್ಟುಕೊಂಡು ವರ್ಷದ ಗುರಿ ಮತ್ತು ಅಳತೆಯನ್ನು ವಿಚಾರಿಸೋಣ.

ಡ್ರೆಸ್ಸೇಜ್ ಎಂದರೇನು?

ಇದು ಫ್ರೆಂಚ್ ಮಾತು. ಪಳಗಿಸುವುದು, ಶಿಕ್ಷಣ ಕೊಡುವುದು ಎಂದು ಅರ್ಥ. 20 ಮೀಟರ್ ಅಗಲ, 60 ಮೀಟರ್ ಉದ್ದದ ಅಂಕಣದಲ್ಲಿ ಕುದುರೆಯು ಗೊತ್ತುಮಾಡಿದ ಚಲನೆಗಳನ್ನು ಗೊತ್ತುಮಾಡಿದ ಸ್ಥಳದಲ್ಲಿ ಮಾಡಿ ತೋರಿಸಬೇಕು. ನಾಲ್ಕು ಹೆಜ್ಜೆಯ ಸಪ್ಪಳವುಳ್ಳ ನಡಿಗೆ, ಎರಡು ಸಪ್ಪಳದ ಕುಕ್ಕುಲೋಟ, ಮೂರು ಸಪ್ಪಳದ ಕ್ಯಾಂಟರ್ ಇವು ಮೂರು ಮೂಲಗತಿಗಳು. ನಮ್ಮ ಹಿಂದಿನವರೂ ಕುದುರೆಯ ಗತಿಗಳನ್ನು ಹೀಗೆಯೇ ವಿಂಗಡಿಸಿದ್ದರು. ಅಮರಕೋಶದಲ್ಲಿ 'ಧಾರಾ' ಎಂಬ ಹೆಸರಿನಿಂದ ಐದು ಗತಿಗಳು ಬರುತ್ತವೆ. ತೀರ್ಪುಗಾರರು ಪ್ರತಿಯೊಂದು ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಕೊನೆಗೆ ಎಲ್ಲವನ್ನೂ ಕೂಡಿಸಿ ಶೇಕಡದಲ್ಲಿ ಹೇಳುವುದು ಪದ್ಧತಿ.

ಶೇಕಡದ ಸಂಖ್ಯೆಯೊಂದು ಕೈಗೆ ಸಿಕ್ಕಿದೊಡನೆ ಅದನ್ನೇ ಗುರಿಯಾಗಿಸಿಕೊಳ್ಳುವುದು ಮನುಷ್ಯನ ಸ್ವಭಾವ. 'ಈ ವರ್ಷ ಶೇಕಡ 70 ಪಡೆಯಬೇಕು' ಎಂದು ಸವಾರನು ಬರೆದುಕೊಳ್ಳುತ್ತಾನೆ. ಆದರೆ ಜ್ವರಮಾಪಕದ ಪಾದರಸವನ್ನು ಕೆಳಗಿಳಿಸುವುದು ಜ್ವರದ ಚಿಕಿತ್ಸೆಯಲ್ಲ. ಶೇಕಡ 70 ಎಂಬುದು ಅಳತೆಯ ಫಲ. ಕುದುರೆ ಕಲಿಯಬೇಕಾದ ಪಾಠವಲ್ಲ. ಗುರಿಯನ್ನು ಕುದುರೆಯ ದೇಹದಲ್ಲಿಯೇ ಹುಡುಕಬೇಕು.

ದೇಹವು ವಿಧಿಸುವ ಕ್ರಮ

ಸುಮ್ಮನೆ ನಿಂತಿರುವ ಕುದುರೆಯ ಭಾರದಲ್ಲಿ ಶೇಕಡ 60ರ ಆಸುಪಾಸು ಮುಂಗಾಲುಗಳ ಮೇಲೆ ಬೀಳುತ್ತದೆ. ಉದ್ದವಾದ ಕತ್ತು, ಭಾರವಾದ ತಲೆ ಎರಡೂ ಮುಂದಕ್ಕೆ ಚಾಚಿರುವುದೇ ಇದಕ್ಕೆ ಕಾರಣ. ಸವಾರನು ಕುಳಿತುಕೊಳ್ಳುವುದೂ ಮುಂಗಾಲುಗಳ ಸಮೀಪವೇ ಆದ್ದರಿಂದ ಅವುಗಳ ಹೊರೆ ಮತ್ತಷ್ಟು ಹೆಚ್ಚುತ್ತದೆ. ಡ್ರೆಸ್ಸೇಜಿನ ಶಿಕ್ಷಣವೆಲ್ಲ ಈ ಹೊರೆಯನ್ನು ಸ್ವಲ್ಪ ಸ್ವಲ್ಪವಾಗಿ ಹಿಂಗಾಲುಗಳಿಗೆ ವರ್ಗಾಯಿಸುವ ಪ್ರಯತ್ನವೆಂದರೆ ತಪ್ಪಾಗದು. ಹಿಂಗಾಲಿನ ಕೀಲುಗಳು ಬಾಗಿ, ಸೊಂಟ ತಗ್ಗಿ, ಎದೆಯ ಭಾಗ ಹಗುರವಾಗಿ ಮೇಲೇಳಬೇಕು. ಈ ಸ್ಥಿತಿಗೆ ನಾವು 'ಒಗ್ಗೂಡಿಕೆ' ಎನ್ನೋಣ. ಇದು ಬುದ್ಧಿಯ ಪಾಠ ಮಾತ್ರವಲ್ಲ. ಬಲದ ಪಾಠವೂ ಹೌದು. ಸ್ನಾಯುಗಳು ಕೆಲವು ತಿಂಗಳಲ್ಲಿ ಬಲಗೊಳ್ಳುತ್ತವೆ. ರಕ್ತಸಂಚಾರ ಕಡಮೆಯಿರುವ ಸ್ನಾಯುರಜ್ಜುಗಳು ಅದಕ್ಕಿಂತ ನಿಧಾನ. ಸ್ನಾಯು ಸಿದ್ಧವಾಯಿತೆಂದು ರಜ್ಜುವಿನ ಮೇಲೆ ಭಾರ ಹೇರಿದರೆ ಕುದುರೆ ಕುಂಟುತ್ತದೆ. ಡ್ರೆಸ್ಸೇಜಿನ ಅತ್ಯುನ್ನತ ಹಂತವಾದ ಗ್ರ್ಯಾನ್ ಪ್ರಿಯಲ್ಲಿ 8 ವರ್ಷ ತುಂಬದ ಕುದುರೆಗೆ ಅಂತರರಾಷ್ಟ್ರೀಯ ಪ್ರವೇಶವಿಲ್ಲದಿರುವುದು ಇಂಥ ಕಾರಣದಿಂದಲೇ.

ಜರ್ಮನಿಯ ಶಿಕ್ಷಕರು ಈ ಕಲಿಕೆಯನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ: ಲಯ, ಬಿಗಿತವಿಲ್ಲದಿರುವುದು, ಲಗಾಮಿನೊಡನೆ ಮೃದುವಾದ ಸಂಪರ್ಕ, ಹಿಂಗಾಲಿನ ಚಿಮ್ಮು, ನೇರತನ, ಕೊನೆಗೆ ಒಗ್ಗೂಡಿಕೆ. ಯಕ್ಷಗಾನದ ಹೆಜ್ಜೆ ಕಲಿಯಬಂದ ಹುಡುಗನಿಗೆ ಭಾಗವತರು ಮೊದಲ ದಿನವೇ ಕಿರೀಟ ಕಟ್ಟುವುದಿಲ್ಲ, ತಾಳ ಹಾಕಿಸುತ್ತಾರೆ. ತಾಳ ನಿಲ್ಲದವನಿಗೆ ಕುಣಿತ ನಿಲ್ಲದು. ಕುದುರೆಯಲ್ಲಿಯೂ ಲಯ ಕೆಟ್ಟರೆ ಮೇಲಿನ ಐದು ಮೆಟ್ಟಿಲುಗಳೂ ಅಲುಗಾಡುತ್ತವೆ.

ಈ ಕ್ರಮದ ಹಿಂದೆ ಸರಳವಾದ ಭೌತವಿಜ್ಞಾನವೂ ಇದೆ. ಕುಕ್ಕುಲೋಟದ ವೇಗ ನಿಮಿಷಕ್ಕೆ 220 ಮೀಟರ್ ಎಂದೂ, ಕುದುರೆ ಮತ್ತು ಸವಾರ ಕೂಡಿ 600 ಕಿಲೋಗ್ರಾಂ ಎಂದೂ ಇಟ್ಟುಕೊಳ್ಳೋಣ. 20 ಮೀಟರ್ ವ್ಯಾಸದ ವೃತ್ತದಲ್ಲಿ ತಿರುಗಲು, ಕೇಂದ್ರದ ಕಡೆಗೆ ಸುಮಾರು 82 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕಾಗುತ್ತದೆ. ಅದನ್ನು ನೆಲವು ಕಾಲುಗಳ ಮೂಲಕ ಒದಗಿಸಬೇಕು. ಅದೇ ವೇಗದಲ್ಲಿ ವೃತ್ತದ ವ್ಯಾಸವನ್ನು 10 ಮೀಟರಿಗೆ ಇಳಿಸಿದರೆ ಬಲ ಇಮ್ಮಡಿಯಾಗಿ 164 ಆಗುತ್ತದೆ. 8 ಮೀಟರಿಗೆ ಇಳಿಸಿದರೆ 200ನ್ನು ಮೀರುತ್ತದೆ. ನುರಿತ ಕುದುರೆ ಸಣ್ಣ ವೃತ್ತದಲ್ಲಿ ಹೆಜ್ಜೆಯನ್ನು ಮೊಟಕುಮಾಡಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಆದರೆ ಲಯ ಬಿಡುವುದಿಲ್ಲ. ಎಳೆಯ ಕುದುರೆಗೆ ಆ ಉಪಾಯ ತಿಳಿಯದು. ಆದುದರಿಂದ ದೊಡ್ಡ ವೃತ್ತ ಮೊದಲು, ಸಣ್ಣ ವೃತ್ತ ಆಮೇಲೆ ಎಂಬುದು ಬರಿಯ ಸಂಪ್ರದಾಯವಲ್ಲ.

ಗುರಿಯನ್ನು ಬರೆಯುವ ಬಗೆ

ಒಳ್ಳೆಯ ಗುರಿಗೆ ಮೂರು ಲಕ್ಷಣಗಳಿರಬೇಕು. ಅದು ಕುದುರೆ ಮಾಡುವ ಕೆಲಸವಾಗಿರಬೇಕು. ಬೇರೆಯವನೊಬ್ಬನು ನೋಡಿ ಹೌದು ಅಥವಾ ಅಲ್ಲ ಎನ್ನುವಂತಿರಬೇಕು. ಹಿಂದಿನ ಮೆಟ್ಟಿಲಿನ ಮೇಲೆ ನಿಂತಿರಬೇಕು. 'ಕುದುರೆ ಚೆನ್ನಾಗಿ ಓಡಬೇಕು' ಎಂಬುದು ಆಸೆ. '20 ಮೀಟರ್ ವೃತ್ತವನ್ನು ಎಡಕ್ಕೂ ಬಲಕ್ಕೂ ಐದೈದು ಸಲ ಸುತ್ತುವಾಗ ಪ್ರತಿ ಸುತ್ತಿನ ಕಾಲದಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು' ಎಂಬುದು ಗುರಿ. ಆ ವೃತ್ತದ ಪರಿಧಿ ಸುಮಾರು 63 ಮೀಟರ್; ಮೇಲೆ ಹೇಳಿದ ವೇಗದಲ್ಲಿ ಒಂದು ಸುತ್ತಿಗೆ 17 ಸೆಕೆಂಡು. ಕೈಗಡಿಯಾರವುಳ್ಳ ಯಾರು ಬೇಕಾದರೂ ಇದನ್ನು ಅಳೆಯಬಹುದು. ಎರಡು ಕಡೆಗೂ ಅಳೆಯುವುದು ಅವಶ್ಯ. ಮನುಷ್ಯರಲ್ಲಿ ಬಲಗೈಯವರು, ಎಡಗೈಯವರು ಇರುವಂತೆ ಕುದುರೆಗೂ ಒಂದು ಪಕ್ಕ ಸಲೀಸು, ಇನ್ನೊಂದು ಪಕ್ಕ ಬಿಗಿ.

ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ಭಾಗಗಳಾಗಿ ಒಡೆಯುವುದು ಅನುಕೂಲ. ಆದರೆ ಕ್ಯಾಲೆಂಡರಿಗೆ ಋತುವಿನ ಅಂಕುಶವಿರಬೇಕು. ವಜ್ರಳ್ಳಿಯಂಥ ಘಟ್ಟದ ಊರಿನಲ್ಲಿ ಯಾರಾದರೂ ಕುದುರೆ ಸಾಕಿದರೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಸರಾದ ನೆಲದಲ್ಲಿ ಕ್ಯಾಂಟರ್ ಅಭ್ಯಾಸಮಾಡಿಸುವುದು ಕಾಲು ಜಾರಿಸುವ ದಾರಿ. ಆ ತಿಂಗಳುಗಳಿಗೆ ನಿಧಾನದ ನಡಿಗೆ, ನೆಲದ ಮೇಲೆ ನಿಂತೇ ಕಲಿಸಬಹುದಾದ ಪಾಠ, ವಿಶ್ರಾಂತಿ ಇವನ್ನು ಮೊದಲೇ ಗೊತ್ತುಮಾಡಬೇಕು. ಬೇಸಗೆಯಲ್ಲಿ ಕೆಲಸವೆಲ್ಲ ಬೆಳಗಿನ ತಂಪಿನಲ್ಲಿಯೇ ಮುಗಿಯಬೇಕು.

ತಾರೀಖು ಮೊದಲೇ ನಿಶ್ಚಿತವಾದ ಗುರಿಗೆ ಮೈಸೂರಿನ ದಸರೆ ಉತ್ತಮ ಉದಾಹರಣೆ. ಮೆರವಣಿಗೆಯ ಆನೆಗಳಿಗೂ ಅಶ್ವದಳದ ಕುದುರೆಗಳಿಗೂ ಕುಶಾಲತೋಪಿನ ಸದ್ದನ್ನು ಹಬ್ಬಕ್ಕೆ ಮುಂಚಿತವಾಗಿಯೇ ಹಲವು ಸುತ್ತು ತಾಲೀಮುಗಳಲ್ಲಿ ಅಭ್ಯಾಸಮಾಡಿಸುತ್ತಾರೆ. ವಿಜಯದಶಮಿಯನ್ನು ಮುಂದೂಡುವಂತಿಲ್ಲ, ಆದ್ದರಿಂದ ಅಲ್ಲಿಂದ ಹಿಂದಕ್ಕೆ ದಿನಗಳನ್ನು ಎಣಿಸುತ್ತ ಬರಬೇಕು. ಆದರೂ ಪ್ರತಿ ಸುತ್ತಿನಲ್ಲಿ ಬೆದರಿದ ಪ್ರಾಣಿ ಯಾವುದು, ನಿಶ್ಚಲವಾಗಿ ನಿಂತದ್ದು ಯಾವುದು ಎಂಬುದು ಅಲ್ಲಿಯೇ ಕಾಣುತ್ತದೆ. ಗುರಿಯೂ ಪುನರ್ವಿಮರ್ಶೆಯೂ ಅಲ್ಲಿ ಒಟ್ಟೊಟ್ಟಿಗೆ ಸಾಗುತ್ತವೆ.

ವರ್ಷಾಂತ್ಯದ ವಿಮರ್ಶೆ

ಪ್ರಯೋಗಶಾಲೆಯಲ್ಲಿ ಒಂದೇ ತಂತಿಯ ದಪ್ಪವನ್ನು ನಾಲ್ಕು ಸಲ ಅಳೆದರೆ ನಾಲ್ಕು ಬೇರೆ ಬೇರೆ ಬೆಲೆಗಳು ಬರುತ್ತವೆ. ತಂತಿ ಬದಲಾಗಿಲ್ಲ, ಅಳತೆಗೆ ಅದರದೇ ಆದ ಅನಿಶ್ಚಯವಿದೆ. ಡ್ರೆಸ್ಸೇಜಿನ ಅಂಕವೂ ಹಾಗೆಯೇ. ಒಂದು ಕುದುರೆಗೆ ಕಳೆದ ವರ್ಷ ನಾಲ್ಕು ಸ್ಪರ್ಧೆಗಳಲ್ಲಿ 63, 66, 62, 65 ಬಂದಿತೆನ್ನೋಣ, ಸರಾಸರಿ 64. ಈ ವರ್ಷ 65, 64, 67, 64, ಸರಾಸರಿ 65. ಕುದುರೆ ಮುಂದುವರಿಯಿತೇ? ಹಾಗೆಂದು ಖಂಡಿತವಾಗಿ ಹೇಳುವಂತಿಲ್ಲ. ಅಂಕಗಳು ಒಂದೇ ವರ್ಷದಲ್ಲಿ ಮೂರು ನಾಲ್ಕು ಮೂಲೆಗೆ ಓಲಾಡುತ್ತಿರುವಾಗ ಸರಾಸರಿಯ ಒಂದು ಅಂಕದ ಏರಿಕೆ ಬರಿಯ ಆಕಸ್ಮಿಕವಾಗಿರಬಹುದು. ಆದರೆ ತೀರ್ಪಿನ ಹಾಳೆಯನ್ನು ಬಿಡಿಸಿ ನೋಡಿದಾಗ, ಬಲಕ್ಕೆ ಕ್ಯಾಂಟರ್ ಹಿಡಿಯುವ ಒಂದು ಚಲನೆಗೆ ಕಳೆದ ವರ್ಷ ನಾಲ್ಕು ಸಲವೂ 5 ಬಂದಿದ್ದು ಈ ವರ್ಷ 6.5, 7, 6.5, 7 ಬಂದಿದ್ದರೆ, ಅದು ಆಕಸ್ಮಿಕವಲ್ಲ. ಕುದುರೆ ಕಲಿತದ್ದು ಅಲ್ಲಿದೆ. ಒಟ್ಟು ಮೊತ್ತ ಮುಚ್ಚಿಟ್ಟದ್ದನ್ನು ಬಿಡಿ ಅಂಕ ತೆರೆದು ತೋರಿಸುತ್ತದೆ.

ಎರಡನೆಯ ಎಚ್ಚರ, ಸಮಾನವಾದುದನ್ನು ಸಮಾನವಾದುದರೊಡನೆ ಮಾತ್ರ ಹೋಲಿಸಬೇಕೆಂಬುದು. ಈವೆಂಟಿಂಗಿನಲ್ಲಿ ಡ್ರೆಸ್ಸೇಜಿನ ಶೇಕಡವನ್ನು ನೂರರಿಂದ ಕಳೆದು ದಂಡಾಂಕವಾಗಿ ಬರೆಯುತ್ತಾರೆ, ಕಡಮೆಯಾದಷ್ಟೂ ಒಳ್ಳೆಯದು. ಮಿರ್ಜಾ ಅವರಿಗೆ ಜಕಾರ್ತಾದಲ್ಲಿ ಬಂದದ್ದು 22.40, ಟೋಕಿಯೊದಲ್ಲಿ 28.00. ಅಂದರೆ ಶೇಕಡ 77.6 ಇದ್ದದ್ದು 72 ಆಯಿತು. ಸಂಖ್ಯೆಯನ್ನಷ್ಟೇ ನೋಡುವವನು, ಮೂರು ವರ್ಷಗಳಲ್ಲಿ ಕುದುರೆ ಹಿಂದೆ ಬಿದ್ದಿತೆನ್ನುವನು. ಆದರೆ ಟೋಕಿಯೊದ ಪರೀಕ್ಷೆ ಜಕಾರ್ತಾದ್ದಕ್ಕಿಂತ ಮೇಲಿನ ಹಂತದ್ದು, ಆ 28.00 ಅವರನ್ನು ಜಗತ್ತಿನ ಉತ್ತಮ ಸವಾರರ ನಡುವೆ ಡ್ರೆಸ್ಸೇಜಿನ ಕೊನೆಗೆ 9ನೆಯ ಸ್ಥಾನದಲ್ಲಿ ನಿಲ್ಲಿಸಿತು. ಏಳನೆಯ ತರಗತಿಯ 77ನ್ನೂ ಹತ್ತನೆಯ ತರಗತಿಯ 72ನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೂರನೆಯದಾಗಿ, ಅಂಕದ ಪಕ್ಕದಲ್ಲಿ ದೇಹದ ಲೆಕ್ಕವನ್ನೂ ಇಡಬೇಕು. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು 28ರಿಂದ 44. ಕೆಲಸ ಮುಗಿದ ಮೇಲೆ ಅದು ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ, ಬೆಳಗ್ಗೆ ಕಾಲು ಮುಟ್ಟಿದರೆ ಬಿಸಿಯಿದೆಯೇ, ಮೇವು ಬಿಟ್ಟಿದೆಯೇ, ಜೀನು ಹಾಕುವಾಗ ಕಿವಿ ಹಿಂದಕ್ಕೆ ಮಡಚುತ್ತದೆಯೇ ಇವೆಲ್ಲ ದಿನದಿನದ ಪುಸ್ತಕದಲ್ಲಿ ಬರಬೇಕು. ಅಂಕ ಏರುತ್ತಿದ್ದು ಈ ಗುರುತುಗಳು ಕೆಡುತ್ತಿದ್ದರೆ ಗುರಿಯನ್ನೇ ಹಿಂದಕ್ಕೆಳೆಯುವುದು ವಿವೇಕ.

ಸವಾರನ ಪಾಲು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಬಿಡಿಸುತ್ತದೆಂದು ಪ್ರಸಿದ್ಧಿಯಾಗಿತ್ತು. ಆಸ್ಕರ್ ಫಂಗ್‌ಸ್ಟ್ ಎಂಬವರು 1907ರಲ್ಲಿ ಇದರ ಗುಟ್ಟನ್ನು ಬಯಲುಮಾಡಿದರು. ಕುದುರೆ ಲೆಕ್ಕ ಮಾಡುತ್ತಿರಲಿಲ್ಲ. ಪ್ರಶ್ನೆ ಕೇಳಿದವನ ತಲೆ ಮತ್ತು ಮೈಯಲ್ಲಿ ತಾನಾಗಿ ಮೂಡುತ್ತಿದ್ದ ಅತಿಸೂಕ್ಷ್ಮ ಚಲನೆಯನ್ನು ಕಂಡು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಅಷ್ಟು ಸಣ್ಣ ಸಂಜ್ಞೆಯನ್ನು ಓದಬಲ್ಲ ಪ್ರಾಣಿಯ ಬೆನ್ನಿನ ಮೇಲೆ ಸವಾರನು ಓರೆಯಾಗಿ ಕುಳಿತರೆ ಕುದುರೆ ಓರೆಯಾಗಿಯೇ ಹೋಗುತ್ತದೆ. ಆದುದರಿಂದ ವರ್ಷದ ಗುರಿಗಳಲ್ಲಿ ಅರ್ಧದಷ್ಟನ್ನಾದರೂ ಸವಾರನ ಹೆಸರಿನಲ್ಲಿ ಬರೆಯುವುದು ನ್ಯಾಯ.

ಇದನ್ನು ಮರೆತಾಗ ಕೈ ಚಾಟಿಯ ಕಡೆಗೆ ಹೋಗುತ್ತದೆ. 2024ರ ಜುಲೈಯಲ್ಲಿ, ಪ್ಯಾರಿಸ್ ಒಲಿಂಪಿಕ್ಸಿಗೆ ಕೆಲವೇ ದಿನಗಳಿರುವಾಗ, ಹಿಂದೆ ಒಲಿಂಪಿಕ್ ಸ್ವರ್ಣ ಗೆದ್ದಿದ್ದ ಬ್ರಿಟನ್ನಿನ ಸವಾರರೊಬ್ಬರು ಪಾಠದ ವೇಳೆ ಕುದುರೆಯ ಕಾಲಿಗೆ ಮತ್ತೆ ಮತ್ತೆ ಚಾಟಿ ಬೀಸಿದ ಚಿತ್ರ ಹೊರಬಿದ್ದು ಕೂಟದಿಂದ ಹಿಂದೆ ಸರಿದರು. ಬಳಿಕ ಅವರಿಗೆ ಒಂದು ವರ್ಷದ ನಿಷೇಧವಾಯಿತು. ಅದೇ ಪ್ಯಾರಿಸ್ಸಿನಲ್ಲಿ ಅನುಷ್ ಅಗರ್‌ವಾಲಾ ಅವರು ಒಲಿಂಪಿಕ್ ಡ್ರೆಸ್ಸೇಜಿನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರಾದರು. ಹಿಂದಿನ ವರ್ಷ ಹಾಂಗ್ಝೌ ಏಷ್ಯನ್ ಕ್ರೀಡೆಗಳಲ್ಲಿ ಅವರಿದ್ದ ಭಾರತದ ತಂಡ ಡ್ರೆಸ್ಸೇಜಿನ ಸ್ವರ್ಣ ಗೆದ್ದಿತ್ತು. ಈ ವಿದ್ಯೆ ನಮ್ಮಲ್ಲಿ ಬೆಳೆಯುತ್ತಿರುವ ಕಾಲವಿದು. ಅದರ ಲೆಕ್ಕ ಇಡುವ ಕ್ರಮವೂ ಜೊತೆಯಲ್ಲಿಯೇ ಬೆಳೆಯಬೇಕು.

ಗುರಿ ಮುಟ್ಟದೆ ವರ್ಷ ಮುಗಿದರೆ ವಿಚಾರಿಸಬೇಕಾದ ಕಾರಣಗಳು ನಾಲ್ಕು: ಮೆಟ್ಟಿಲು ಹಾರಿದೆವೇ, ದೇಹ ಸಿದ್ಧವಿರಲಿಲ್ಲವೇ, ಸವಾರನ ದೋಷವೇ, ಅಳತೆಯೇ ಸರಿಯಿರಲಿಲ್ಲವೇ? ಕುದುರೆಯ ಹಟವೆಂಬ ಐದನೆಯ ಕಾರಣವನ್ನು ಈ ನಾಲ್ಕನ್ನೂ ಪರೀಕ್ಷಿಸಿ ಮುಗಿಸುವ ಮೊದಲು ಬರೆಯಬಾರದು. ಹಾಗೆ ಪರೀಕ್ಷಿಸುತ್ತ ಹೋದವರಿಗೆ ಅದನ್ನು ಬರೆಯುವ ಸಂದರ್ಭ ಬರುವುದು ವಿರಳ. ಅಡಿಕೆಯ ಸಸಿ ನೆಟ್ಟವನು ಫಸಲಿಗೆ ಐದಾರು ವರ್ಷ ಕಾಯುತ್ತಾನೆ. ಆದರೆ ಬುಡಕ್ಕೆ ಗೊಬ್ಬರ, ಮಳೆಗಾಲದ ಔಷಧ, ಬಿಸಿಲಿಗೆ ನೆರಳು ಇವುಗಳ ಲೆಕ್ಕವನ್ನು ಪ್ರತಿವರ್ಷವೂ ತಪ್ಪದೆ ನೋಡುತ್ತಾನೆ. ಕುದುರೆಗೂ ವರ್ಷದ ಗುರಿಯೆಂದರೆ ಅಂಥದೇ ಲೆಕ್ಕ.