ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದರೆ ನಕ್ಷೆ ತಾನಾಗಿಯೇ ಸರಿಯಾಗುತ್ತದೆಯೇ?

ಉಪಗ್ರಹ ಚಿತ್ರ ಮೇಲಿನಿಂದ ತೆಗೆದ ಫೋಟೋ. ಹಾಗಾಗಿ ಅದರಲ್ಲಿ ಕಂಡ ಮನೆಯ ಸುತ್ತ ಗೆರೆ ಎಳೆದರೆ ನಕ್ಷೆ ನಿಖರವಾಗಿಯೇ ಇರುತ್ತದೆ ಎಂದು ಅನೇಕರು ನಂಬುತ್ತಾರೆ. ಇದು ಅರ್ಧ ಸತ್ಯ ಮಾತ್ರ.

2004ರಲ್ಲಿ ಬ್ರಿಟನ್‌ನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಹಲವು ದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿಕೊಂಡು ಅಲ್ಲಿನ ರಸ್ತೆ, ಕಟ್ಟಡಗಳನ್ನು ಗುರುತಿಸಿದರು. ಪರಿಹಾರ ತಂಡಗಳು ಆ ನಕ್ಷೆಯನ್ನು ಬಳಸಿದವು. ಇಂತಹ ನಕ್ಷೆಯಲ್ಲಿ ಒಂದು ಮನೆ ಹತ್ತು ಮೀಟರ್ ಸರಿದು ಹಳ್ಳದ ಆಚೆ ದಡದಲ್ಲಿ ಕೂತರೆ, ಅಲ್ಲಿಗೆ ಹೋಗುವವರ ದಾರಿಯೇ ತಪ್ಪುತ್ತದೆ.

ಯಾವ ತಪ್ಪಿಗೆ ಯಾವ ಮದ್ದು?

ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ಬ್ರೌಸರ್‌ನಲ್ಲೇ ತಿದ್ದಲು ‘ಐಡಿ’ ಎಂಬ ತಂತ್ರಾಂಶವಿದೆ. ಅದರಲ್ಲಿ ಕಟ್ಟಡವನ್ನು ಆಯ್ಕೆ ಮಾಡಿ ಮೂರು ರೀತಿಯಲ್ಲಿ ತಿದ್ದಬಹುದು.

ಮೂಲೆಗಳು ಸೊಟ್ಟಗಿದ್ದರೆ ‘ಕ್ಯೂ’ ಕೀಲಿ ಒತ್ತಿ. 90 ಡಿಗ್ರಿಗೆ ಹತ್ತಿರವಿರುವ ಮೂಲೆಗಳು ನೇರವಾಗುತ್ತವೆ. ದುಂಡಗಿನ ನೀರಿನ ಟ್ಯಾಂಕ್‌ಗೆ ‘ಓ’ ಕೀಲಿ. ನಿಜವಾಗಿಯೂ ಓರೆಯಾಗಿರುವ ನಿವೇಶನದಲ್ಲಿ ಕಟ್ಟಿದ ಮನೆಯನ್ನು ಮಾತ್ರ ಬಲವಂತವಾಗಿ ಚೌಕ ಮಾಡಬೇಡಿ. ಪಕ್ಕದ ಮನೆಯೊಂದಿಗೆ ಮೂಲೆ ಹಂಚಿಕೊಂಡಿದ್ದರೆ ಅದರ ಆಕಾರವೂ ಬದಲಾಗಬಹುದು, ಗಮನಿಸಿ.

ಮೂಲೆಗಳು ಸರಿಯಿದ್ದು ದಿಕ್ಕು ಮಾತ್ರ ತಪ್ಪಿದ್ದರೆ ‘ಆರ್’ ಒತ್ತಿ ಮೌಸ್‌ನಿಂದ ತಿರುಗಿಸಿ, ಕ್ಲಿಕ್ ಮಾಡಿ. ಕಟ್ಟಡದ ಅಳತೆ, ಮೂಲೆಗಳು ಹಾಗೆಯೇ ಉಳಿಯುತ್ತವೆ. ಗೋಡೆಯ ಅತ್ಯಂತ ಉದ್ದದ ಅಂಚನ್ನು ಚಿತ್ರದೊಂದಿಗೆ ಹೊಂದಿಸುವುದು ಸುಲಭದ ಉಪಾಯ.

ದಿಕ್ಕೂ ಸರಿಯಿದ್ದು ಜಾಗ ಮಾತ್ರ ತಪ್ಪಿದ್ದರೆ ‘ಎಂ’ ಒತ್ತಿ ಇಡೀ ಆಕಾರವನ್ನು ಸರಿಸಿ. ಒಂದೊಂದೇ ಮೂಲೆಯನ್ನು ಎಳೆಯಲು ಹೋದರೆ ಸರಿಯಿದ್ದ ಆಕಾರವೂ ಕೆಡುತ್ತದೆ.

ತಿರುಗಿಸಿದರೆ ಆಕಾರ ಏಕೆ ಕೆಡುವುದಿಲ್ಲ?

ನಕ್ಷೆಯಲ್ಲಿ ಪ್ರತಿ ಮೂಲೆಯೂ ಅಕ್ಷಾಂಶ, ರೇಖಾಂಶಗಳ ರೂಪದಲ್ಲಿರುತ್ತದೆ. ಆದರೆ ಎರಡರ ಒಂದು ಡಿಗ್ರಿ ಸಮನಲ್ಲ. ಅಕ್ಷಾಂಶದ ಒಂದು ಡಿಗ್ರಿ ಎಲ್ಲೆಡೆ ಸುಮಾರು 111 ಕಿ.ಮೀ. ರೇಖಾಂಶದ್ದು ಬೆಂಗಳೂರಿನಲ್ಲಿ ಸುಮಾರು 108 ಕಿ.ಮೀ. ಇದ್ದರೆ ಲಂಡನ್‌ನಲ್ಲಿ 69 ಕಿ.ಮೀ. ಮಾತ್ರ. ಡಿಗ್ರಿಗಳನ್ನೇ ನೇರವಾಗಿ ತಿರುಗಿಸಿದರೆ ಲಂಡನ್‌ನ ಚೌಕ ಮನೆ ಓರೆಯಾಗಿಬಿಡುತ್ತದೆ. ಅದಕ್ಕಾಗಿ ತಂತ್ರಾಂಶ ಮೊದಲು ಬಿಂದುಗಳನ್ನು ಸಮತಟ್ಟಾದ ನಕ್ಷೆಗೆ ತಂದು, ಅಲ್ಲಿ ತಿರುಗಿಸಿ, ಮತ್ತೆ ಡಿಗ್ರಿಗೆ ಬದಲಿಸುತ್ತದೆ.

ಚಿತ್ರವೇ ತಪ್ಪಿದ್ದರೆ?

ಎಲ್ಲ ಮನೆ, ರಸ್ತೆಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಂತೆ ಕಂಡರೆ, ತಪ್ಪು ಹೆಚ್ಚಾಗಿ ಹಿನ್ನೆಲೆ ಚಿತ್ರದ್ದು. ಗುಡ್ಡಗಾಡಿನಲ್ಲಿ ಇದು ಇನ್ನೂ ಹೆಚ್ಚು. ಆಗ ಮನೆಗಳನ್ನು ಮುಟ್ಟಬೇಡಿ. ‘ಬಿ’ ಒತ್ತಿದರೆ ತೆರೆಯುವ ಹಿನ್ನೆಲೆ ಪಟ್ಟಿಯಲ್ಲಿ ಚಿತ್ರವನ್ನೇ ಸರಿಸಿ. ಎಷ್ಟು ಸರಿಸಬೇಕೆಂದು ತಿಳಿಯಲು ಅದೇ ರಸ್ತೆಯಲ್ಲಿ ಓಡಾಡಿದ ಹಲವರ ಜಿಪಿಎಸ್ ಜಾಡು ನೆರವಾಗುತ್ತದೆ.

ಎತ್ತರದ ಕಟ್ಟಡದಲ್ಲಿ ಇನ್ನೊಂದು ತೊಡಕಿದೆ. ಉಪಗ್ರಹ ನೆತ್ತಿಯ ಮೇಲಿಂದಲ್ಲದೆ 20 ಡಿಗ್ರಿ ಓರೆಯಿಂದ ನೋಡಿದ್ದರೆ, 30 ಮೀಟರ್ ಎತ್ತರದ ಕಟ್ಟಡದ ಛಾವಣಿ ಬುಡದಿಂದ ಸುಮಾರು 11 ಮೀಟರ್ ದೂರ ವಾಲಿದಂತೆ ಕಾಣುತ್ತದೆ. ಛಾವಣಿಯ ಸುತ್ತ ಗೆರೆ ಎಳೆಯಿರಿ, ಬಳಿಕ ಇಡೀ ಆಕಾರವನ್ನು ಬುಡಕ್ಕೆ ತನ್ನಿ.

ನೆನಪಿಡಿ: ಉಳಿಸುವ ಮುನ್ನ ತಪ್ಪಿರುವುದು ಮೂಲೆಯೋ, ದಿಕ್ಕೋ, ಜಾಗವೋ ಅಥವಾ ಚಿತ್ರವೋ ಎಂದು ಕೇಳಿಕೊಳ್ಳಿ. ಬೇರೊಬ್ಬರು ಸ್ಥಳಕ್ಕೇ ಹೋಗಿ ಗುರುತಿಸಿದ ಮನೆಯನ್ನು ಚಿತ್ರಕ್ಕೆ ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಸರಿಸಬೇಡಿ.