‘ನಮ್ಮ ಹೆಂಗಸರು ಬರುವುದಿಲ್ಲ’ ಎನ್ನುವವರಿಗೆ

ಬ್ರಿಟನ್ನಿನ ಈಜುಕೊಳ, ಜಿಮ್, ಆಟದ ಮೈದಾನಗಳಲ್ಲಿ ಏಷ್ಯಾ ಮತ್ತು ಆಫ್ರಿಕಾ ಮೂಲದ ಹೆಂಗಸರು ಕಾಣಸಿಗುವುದು ಕಡಿಮೆ. ಸ್ಪೋರ್ಟ್ ಇಂಗ್ಲೆಂಡ್ ಸಂಸ್ಥೆಯ ಸಮೀಕ್ಷೆಗಳೂ ಅದನ್ನೇ ಹೇಳುತ್ತ ಬಂದಿವೆ. ಯಾಕೆ ಹೀಗೆ ಎಂದು ಕೇಳಿದರೆ ಸಿಗುವ ಉತ್ತರಗಳಲ್ಲಿ ಮಾತ್ರ ಹುರುಳಿಲ್ಲ.

ತಪ್ಪು ಕಲ್ಪನೆ: ಅವರಿಗೆ ಆಸಕ್ತಿಯೇ ಇಲ್ಲ.

ವಾಸ್ತವ: ಆಸಕ್ತಿ ಇದ್ದವರೂ ಬಾಗಿಲ ತನಕ ಬಂದು ಹಿಂದಿರುಗುವಂಥ ವ್ಯವಸ್ಥೆ ಇದೆ. ಈಜುಕೊಳದ ಹೊರಗೆ ‘ಮಹಿಳೆಯರಿಗೆ ಮಾತ್ರ’ ಎಂಬ ಬೋರ್ಡು ತೂಗುತ್ತದೆ. ಒಳಗೆ ಹೋದರೆ ಲೈಫ್‌ಗಾರ್ಡ್ ಗಂಡಸು. ಗಾಜಿನ ಗೋಡೆಯಾಚೆ ಕಾಫಿ ಕುಡಿಯುತ್ತ ಕೂತವರಿಗೆ ಇಡೀ ಕೊಳ ಕಾಣುತ್ತದೆ. ನಿಗದಿಯಾದ ಸಮಯವೋ, ಶಾಲೆಯಿಂದ ಮಕ್ಕಳನ್ನು ಕರೆತರುವ ಹೊತ್ತು. ಇಂಥ ಕಡೆ ನಾಲ್ಕೇ ಜನ ಬಂದರೆ ‘ಬೇಡಿಕೆ ಇಲ್ಲ’ ಎಂದು ಷರಾ ಬರೆದು ಆ ತಾಸನ್ನೇ ರದ್ದು ಮಾಡುವುದು ಅನ್ಯಾಯ. ಒಂದು ಪರದೆ, ಒಬ್ಬ ಮಹಿಳಾ ಲೈಫ್‌ಗಾರ್ಡ್, ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲಿನ ಒಂದು ತಾಸು: ಬೇಕಾದದ್ದು ಇಷ್ಟೇ. ಸಕಾರಣವಿದ್ದರೆ ಮಹಿಳೆಯರಿಗೆಂದೇ ಪ್ರತ್ಯೇಕ ಸೇವೆ ಒದಗಿಸಲು ಅಲ್ಲಿನ 2010ರ ಸಮಾನತೆ ಕಾಯ್ದೆಯಲ್ಲೂ ಅವಕಾಶವಿದೆ.

ತಪ್ಪು ಕಲ್ಪನೆ: ಧರ್ಮ, ಉಡುಪುಗಳೇ ಅಡ್ಡಿ.

ವಾಸ್ತವ: ಎಷ್ಟೋ ಸಲ ಅಡ್ಡಿಯಾದದ್ದು ಆಟದ ನಿಯಮ. 2011ರಲ್ಲಿ ಇರಾನಿನ ಮಹಿಳಾ ಫುಟ್‌ಬಾಲ್ ತಂಡ ಒಲಿಂಪಿಕ್ ಅರ್ಹತಾ ಪಂದ್ಯಕ್ಕೆಂದು ಜೋರ್ಡಾನಿಗೆ ಹೋಗಿತ್ತು. ಆಡಲು ಸಿದ್ಧರಾಗಿದ್ದ ಆಟಗಾರ್ತಿಯರನ್ನು ತಲೆವಸ್ತ್ರದ ಕಾರಣಕ್ಕೆ ತಡೆದರು. ಫಿಫಾ ಆ ನಿಷೇಧವನ್ನು ಪೂರ್ತಿ ಕೈಬಿಟ್ಟದ್ದು 2014ರಲ್ಲಿ. ಬ್ಯಾಸ್ಕೆಟ್‌ಬಾಲ್‌ನವರು 2017ರವರೆಗೆ ಕಾಯಿಸಿದರು. ದಟ್ಟ ಗುಂಗುರು ಕೂದಲಿನ ಕಪ್ಪು ಈಜುಗಾರ್ತಿಯರಿಗೆ ಹೊಂದುವ ‘ಸೋಲ್ ಕ್ಯಾಪ್’ ಟೋಪಿಗೆ 2021ರಲ್ಲಿ ಅಂತರರಾಷ್ಟ್ರೀಯ ಈಜು ಒಕ್ಕೂಟ ಒಪ್ಪಿಗೆ ಕೊಡಲಿಲ್ಲ, ಮರುವರ್ಷ ಕೊಟ್ಟಿತು. ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಈಜಿದ ಮೊದಲ ಕಪ್ಪು ಮಹಿಳೆ ಆಲಿಸ್ ಡಿಯರಿಂಗ್ ನೀರಿಗಿಳಿದದ್ದೂ ಅದೇ 2021ರಲ್ಲಿ. ಇನ್ನು ಹಿಜಾಬ್ ಧರಿಸಿಯೇ ಖದೀಜಾ ಮೆಲ್ಲಾ ಎಂಬ ಯುವತಿ 2019ರಲ್ಲಿ ಗುಡ್‌ವುಡ್‌ನ ಕುದುರೆ ಪಂದ್ಯ ಗೆದ್ದಳು.

ತಪ್ಪು ಕಲ್ಪನೆ: ತೆಳ್ಳಗಿದ್ದರೆ ವ್ಯಾಯಾಮ ಬೇಕಿಲ್ಲ.

ವಾಸ್ತವ: ನಮ್ಮವರು ಮನಸ್ಸಿಟ್ಟು ಕೇಳಬೇಕಾದದ್ದು ಇದನ್ನೇ. ದಕ್ಷಿಣ ಏಷ್ಯಾ ಮೂಲದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆಯ ಅಪಾಯ ಶುರುವಾಗುತ್ತದೆ. ಬಿಳಿಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ದಾಟಿದರೆ ಎಚ್ಚರಿಕೆ. ನಮಗೆ 23ಕ್ಕೇ ಎಚ್ಚರಿಕೆ, 27.5ಕ್ಕೆ ಹೆಚ್ಚಿನ ಅಪಾಯ ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಹೇಳುತ್ತದೆ. ಬೆಂಗಳೂರಿನಿಂದ ರೆಡಿಂಗ್‌ಗೆ ಹೋಗಿ ನೆಲೆಸಿದವಳಿಗೂ, ಅಲ್ಲೇ ಹುಟ್ಟಿದ ಅವಳ ಮಗಳಿಗೂ ಈ ಅಂಕಿ ಅನ್ವಯಿಸುತ್ತದೆ.

ತಪ್ಪು ಕಲ್ಪನೆ: ಮನೆಗೆಲಸವೇ ಸಾಕಷ್ಟು ವ್ಯಾಯಾಮ.

ವಾಸ್ತವ: ಉಸಿರು ಏರುವಷ್ಟು ಜೋರಾಗಿ ಮಾಡಿದ ಕೆಲಸ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಪಾತ್ರೆ ತೊಳೆದು, ಒಲೆ ಮುಂದೆ ನಿಂತು ಸುಸ್ತಾದ ಮಾತ್ರಕ್ಕೆ ಆ ಲೆಕ್ಕ ತುಂಬುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮನೆಗೆಲಸ ಇತರರಿಗಾಗಿ. ಗೆಳತಿಯರೊಡನೆ ಆಡಿ, ನಕ್ಕು, ಬೆವರಿ ಬರುವ ಒಂದು ತಾಸು ಅವಳ ಸ್ವಂತದ್ದು. ಅದು ಸಿಗಬೇಕಾದರೆ ಮನೆಯಲ್ಲಿ ಬೇರೆ ಯಾರಾದರೂ ಅಡುಗೆಗೆ ನಿಲ್ಲಬೇಕು.

ತಪ್ಪು ಕಲ್ಪನೆ: ಒಳ್ಳೆಯ ಜಾಹೀರಾತು ಬಂದರೆ ಎಲ್ಲರೂ ಬರುತ್ತಾರೆ.

ವಾಸ್ತವ: 2015ರಲ್ಲಿ ಶುರುವಾದ ‘ದಿಸ್ ಗರ್ಲ್ ಕ್ಯಾನ್’ ಪ್ರಚಾರ ಬೆವರುವ, ಕುಣಿಯುವ ಸಾಮಾನ್ಯ ಹೆಂಗಸರನ್ನು ತೆರೆಗೆ ತಂದಿತು. ಅದು ದೊಡ್ಡ ಕೆಲಸವೇ. ಆದರೂ ಬಿಳಿಯ ಹೆಂಗಸರಿಗೂ ಇವರಿಗೂ ನಡುವಿನ ಅಂತರ ಹೋಗಿಲ್ಲ. ಪರಿಚಿತರು ಕರೆದಾಗ ಸಿಗುವ ಧೈರ್ಯ ಪೋಸ್ಟರಿನಿಂದ ಸಿಗದು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಇದನ್ನು ಅರಿತು, ಮಕ್ಕಳಿಗೆ ಕ್ರಿಕೆಟ್ ಕಲಿಸಲು ದಕ್ಷಿಣ ಏಷ್ಯಾ ಮೂಲದ 2,000 ಸ್ವಯಂಸೇವಕಿಯರನ್ನು ಸೇರಿಸುವ ಗುರಿಯಿಂದ 2019ರಲ್ಲಿ ‘ಡ್ರೀಮ್ ಬಿಗ್ ದೇಸಿ ವಿಮೆನ್’ ಆರಂಭಿಸಿತು.

ಹೀಗೆ ಪರಿಚಿತರನ್ನು ಕರೆದೊಯ್ಯಲು ಸುಲಭದ ದಾರಿಯೊಂದಿದೆ. ಶನಿವಾರ ಬೆಳಗ್ಗೆ ಬ್ರಿಟನ್ನಿನ ನೂರಾರು ಉದ್ಯಾನಗಳಲ್ಲಿ ನಡೆಯುವ ‘ಪಾರ್ಕ್‌ರನ್’ಗೆ ಶುಲ್ಕವಿಲ್ಲ. ಐದು ಕಿಲೋಮೀಟರ್ ಓಡಲೇಬೇಕೆಂದಿಲ್ಲ, ನಡೆಯಬಹುದು. ಕೊನೆಯವರ ಹಿಂದೆ ಸ್ವಯಂಸೇವಕರೊಬ್ಬರು ನಡೆದು ಬರುವುದರಿಂದ ಯಾರೂ ಒಂಟಿಯಾಗಿ ಹಿಂದುಳಿಯುವುದಿಲ್ಲ. ಅಲ್ಲಿನ ಕನ್ನಡ ಸಂಘಗಳು ಯುಗಾದಿ, ದೀಪಾವಳಿಗೆ ಸೇರುವ ಅಕ್ಕತಂಗಿಯರನ್ನು ತಿಂಗಳಿಗೊಮ್ಮೆಯಾದರೂ ಒಟ್ಟಿಗೆ ಅಲ್ಲಿಗೆ ಕರೆದುಕೊಂಡು ಹೋಗಲಿ. ಆ ಒಂದು ಬೆಳಗ್ಗೆ ಮಕ್ಕಳನ್ನು ಗಂಡಸರು ನೋಡಿಕೊಳ್ಳಲಿ.